ಬಗ್ (ಆ್ಯಪಿನ ತಪ್ಪು) ಹೇಳ್ಲಿಕ್ಕೆ ಇಂಜಿನಿಯರಿಂಗ್ ಓದಿರಬೇಕಾ? ಹಾಲಿನ ಸೊಸೈಟಿಯವರಿಗೂ ಆಗುವ ಹಾಗೆ ಫಾರ್ಮ್ ಮಾಡುದು ಹೇಗೆ?

ಕಡಲತಡಿ_ಕೋಡ್ (ಮಂಗಳೂರು)

ಎಲ್ರಿಗೂ ನಮಸ್ಕಾರ. ಹಾಲಿನ ಸೊಸೈಟಿಯ ದಿನದ ಲೆಕ್ಕ ಇಡುವ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್, ಓಪನ್ ಸೋರ್ಸ್ (ಕೋಡ್ ಯಾರು ಬೇಕಾದ್ರೂ ನೋಡಬಹುದು). ಬಳಸುದು ಸೊಸೈಟಿ ಸೆಕ್ರೆಟರಿ ಮತ್ತು ಹಾಲು ಅಳೆಯುವವರು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬು ಬಿಟ್ಟು ಉಳಿದ ಘನ ಅಂಶ) ಹಾಕಿದ್ರೆ ದರ ಬರ್ತದೆ, ಚೀಟಿ ಪ್ರಿಂಟ್ ಆಗ್ತದೆ. ಅಷ್ಟೆ.

ತೊಂದರೆ ಇದ್ದರೆ ತಿಳಿಸ್ಲಿಕ್ಕೆ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಫಾರ್ಮ್ ಉಂಟು. ಇಂಗ್ಲಿಷ್‌ನಲ್ಲಿ, ಹದಿನಾಲ್ಕು ಪ್ರಶ್ನೆ. ಅಲ್ಲಿ ಒಬ್ಬ ಸೆಕ್ರೆಟರಿಯೂ ಬರೆದದ್ದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ದಿನಾ ಬರ್ತದೆ: "ಆ್ಯಪ್ ಸರಿ ಇಲ್ಲ", "ಲೆಕ್ಕ ತಪ್ಪು ತೋರಿಸ್ತದೆ", ಇಲ್ಲದಿದ್ರೆ ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಲ್ಲಿ ತೆಗೆದ ಫೋಟೊ, ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ.

ಕೇಳ್ಲಿಕ್ಕೆ ಇರುದು ಮೂರು. ಬಳಸುವವರ ಹತ್ರ ಎಂತ ಕೇಳ್ಬೇಕು? ಆ್ಯಪ್ ತಾನಾಗಿ ಎಂತ ತೆಗೊಳ್ಬೇಕು? ಬಂದದ್ದನ್ನು ಎಲ್ಲಿ ಇಟ್ಕೊಳ್ಬೇಕು?

ಪತ್ರೊಡೆ

ಗಿಟ್‌ಹಬ್‌ಗೆ ಅಕೌಂಟ್ ಮಾಡಿ, ಈಮೇಲ್ ತೆರೆದು ಕೋಡ್ ಹಾಕಿ, ಪಾಸ್‌ವರ್ಡಿಗೆ ದೊಡ್ಡಕ್ಷರ ಸಣ್ಣಕ್ಷರ ಸೇರಿಸಿ... ಅಷ್ಟೊತ್ತಿಗೆ ಕ್ಯಾನಿನ ಹಾಲು ಮೊಸರಾಗಿರ್ತದೆ.

ಸುರತ್ಕಲ್_ಲಾಗ್

ಹದಿನಾಲ್ಕರಲ್ಲಿ ಹತ್ತು ಪ್ರಶ್ನೆಗೆ ಉತ್ತರ ಫೋನಿಗೇ ಗೊತ್ತು. ಆ್ಯಪ್ ಆವೃತ್ತಿ, ಆಂಡ್ರಾಯ್ಡ್ ಆವೃತ್ತಿ, ಫೋನಿನ ಮಾಡೆಲ್, ಭಾಷೆಯ ಸೆಟ್ಟಿಂಗ್, ಎಷ್ಟು ಜಾಗ ಖಾಲಿ ಉಂಟು, ನೆಟ್ ಇತ್ತಾ ಇಲ್ವಾ, ಯಾವ ಪರದೆಯಲ್ಲಿ ಇದ್ದರು, ಗಂಟೆ ಎಷ್ಟು. ಇದನ್ನೆಲ್ಲ ಮನುಷ್ಯನ ಹತ್ರ ಕೇಳುದು ಅಂದ್ರೆ ಬಸ್ ಕಂಡಕ್ಟರ್ ನಿಮ್ಮ ಹತ್ರವೇ ಬಸ್ಸಿನ ನಂಬರ್ ಕೇಳಿದ ಹಾಗೆ.

ಲಾಗ್ (ಆ್ಯಪ್ ಏನೇನು ಮಾಡಿತು ಅಂತ ತಾನೇ ಬರೆದಿಡುವ ಪಟ್ಟಿ) ಕೂಡ ಹಾಗೆಯೇ. ಆಂಡ್ರಾಯ್ಡ್ 4.1ರಿಂದ ಈಚೆಗೆ ಒಂದು ಆ್ಯಪ್ ತನ್ನ ಲಾಗ್ ಮಾತ್ರ ಓದಬಹುದು, ಬೇರೆಯವರದ್ದಲ್ಲ. ತನ್ನದನ್ನು ಓದ್ಲಿಕ್ಕೆ ಯಾವ ಅನುಮತಿಯೂ ಬೇಡ. ಕೊನೆಯ 200 ಸಾಲು ಸಾಕು, ಇಡೀ ದಿನದ್ದು ಬೇಡ.

ಆ್ಯಪ್ ಕ್ರ್ಯಾಶ್ ಆಗುದಾದ್ರೆ (ಹಠಾತ್ ನಿಂತುಹೋಗುದಾದ್ರೆ) ಎಸಿಆರ್‌ಎ ಲೈಬ್ರರಿ ಹಾಕಿ. ಅದೂ ಓಪನ್ ಸೋರ್ಸ್, ಆ್ಯಂಕಿಡ್ರಾಯ್ಡ್, ಎಫ್‌ಡ್ರಾಯ್ಡ್ ಎಲ್ಲ ಬಳಸ್ತವೆ. ಕ್ರ್ಯಾಶ್ ಆದಾಗ ವಿವರ ಫೈಲಿಗೆ ಬರೆದಿಡ್ತದೆ, ಬಳಸುವವರಿಗೆ ಒಂದು ಡೈಲಾಗ್ ತೋರಿಸ್ತದೆ, ಒಪ್ಪಿದ್ರೆ ಈಮೇಲಿಗೋ ನಿಮ್ಮ ಸರ್ವರಿಗೋ ಕಳಿಸ್ತದೆ. ಆ ಡೈಲಾಗಿನ ಮಾತು ಮಾತ್ರ ಕನ್ನಡದಲ್ಲಿ ನೀವೇ ಬರೀರಿ.

ಬ್ರಹ್ಮಾವರ_ಬಿಲ್ಡ್

ಒಂದು ಸೇರಿಸ್ತೇನೆ. ರಿಲೀಸ್ ಬಿಲ್ಡಿಗೆ ಆರ್8 (ಕೋಡ್ ಕುಗ್ಗಿಸುವ ಉಪಕರಣ) ಹಾಕಿದ್ರೆ ಕ್ಲಾಸ್ ಹೆಸರುಗಳೆಲ್ಲ ಎ, ಬಿ, ಸಿ ಆಗಿ ಕೂತಿರ್ತವೆ. ಆಗ ಬರುವ ಕ್ರ್ಯಾಶ್ ವರದಿ ಓದಿ ಎಂತ ಪ್ರಯೋಜನವೂ ಇಲ್ಲ. ಪ್ರತಿ ರಿಲೀಸಿನ ಮ್ಯಾಪಿಂಗ್ ಫೈಲನ್ನು (ಯಾವ ಹೆಸರು ಯಾವುದಾಯ್ತು ಅನ್ನುವ ಪಟ್ಟಿ) ಆವೃತ್ತಿ ಸಂಖ್ಯೆ ಹಾಕಿ ತೆಗೆದಿಡಿ. ಹೊಸ ಬಿಲ್ಡ್ ಮಾಡಿದಾಗ ಹಳೆಯದರ ಮೇಲೆ ಬರೆದುಹೋಗ್ತದೆ, ಆಮೇಲೆ ಎಂತ ಮಾಡಿದ್ರೂ ಅದು ಸಿಗುದಿಲ್ಲ.

ಮತ್ತೆ, ಕ್ರ್ಯಾಶ್ ವರದಿ ಇದ್ದರೆ ಎಲ್ಲ ಆಯ್ತು ಅಂತ ಇಲ್ಲ. "ಲೆಕ್ಕ ತಪ್ಪು" ಅಂದ್ರೆ ಕ್ರ್ಯಾಶ್ ಅಲ್ವಲ್ಲ. ಆ್ಯಪ್ ಆರಾಮಲ್ಲಿ ಓಡ್ತಾ ಉಂಟು, ತಪ್ಪು ದರ ಹಾಕ್ತಾ ಉಂಟು. ಅದನ್ನು ಮನುಷ್ಯ ಹೇಳಿದ್ರೇ ಗೊತ್ತಾಗುದು.

ಮಳೆಗಾಲ (ಉಡುಪಿ)

ಮನುಷ್ಯರಿಗೆ ಮೂರೇ ಪ್ರಶ್ನೆ: ಏನು ಮಾಡ್ತಾ ಇದ್ದಿರಿ? ಏನಾಗಬೇಕಿತ್ತು? ಏನಾಯಿತು? ನಾಲ್ಕನೆಯದು ಬೇಡ.

ಕಡಲತಡಿ_ಕೋಡ್

@ಮಳೆಗಾಲ, ಅದು ಮೊದಲೇ ಫಾರ್ಮಲ್ಲಿ ಉಂಟು. ಮೂರಕ್ಕೂ ಬರುವ ಉತ್ತರ ಒಂದೇ: "ಆಗ್ತಾ ಇಲ್ಲ."

ಮಳೆಗಾಲ (ಉಡುಪಿ)

ಖಾಲಿ ಪೆಟ್ಟಿಗೆ ಕೊಟ್ಟರೆ ಹಾಗೆಯೇ ಬರುವುದು. ಪ್ರಶ್ನೆಯನ್ನು ಆ ಪರದೆಗೆ ಹೊಂದಿಸಬೇಕು. ಯಾವ ಪರದೆಯಿಂದ ತೊಂದರೆ ಬಟನ್ ಒತ್ತಿದರು ಅಂತ ಆ್ಯಪ್‌ಗೆ ಗೊತ್ತಲ್ಲ? ಪ್ರಿಂಟ್ ಪರದೆಯಿಂದ ಬಂದರೆ "ಚೀಟಿ ಬರಲೇ ಇಲ್ಲವೇ? ಅರ್ಧ ಬಂತೇ? ಅಕ್ಷರ ಕಾಣುವುದಿಲ್ಲವೇ?" ಅಂತ ಮೂರು ಬಟನ್. ದರದ ಪರದೆಯಿಂದ ಬಂದರೆ "ಎಷ್ಟು ಬರಬೇಕಿತ್ತು?" ಅಂತ ಒಂದೇ ಒಂದು ಪೆಟ್ಟಿಗೆ. ಎಷ್ಟು ಬಂದಿದೆ ಅಂತ ಕೇಳಬೇಡಿ, ಅದು ಪರದೆ ಮೇಲೆಯೇ ಇದೆ.

ಪೆಟ್ಟಿಗೆಯೊಳಗೆ ಬೂದು ಬಣ್ಣದಲ್ಲಿ ಒಂದು ಮಾದರಿ ಇರಲಿ. "ವಿವರವಾಗಿ ಬರೆಯಿರಿ" ಅಂತಲ್ಲ. ಹೀಗೆ: "ಸಂಜೆ ಹಾಲಿಗೆ 6 ಲೀಟರ್, ಫ್ಯಾಟ್ 3.9 ಹಾಕಿದೆ, ದರ ಸೊನ್ನೆ ಬಂತು." ಜನ ಮಾದರಿ ನೋಡಿಯೇ ಬರೆಯುವುದು.

ತೀವ್ರತೆಯ ಪಟ್ಟಿ ಕಿತ್ತು ಬಿಸಾಡಿ. ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಕ್ರಿಟಿಕಲ್‌ನಿಂದ ವಿಶ್‌ಲಿಸ್ಟ್ ತನಕ ಏಳು ಮೆಟ್ಟಿಲಿದೆ, ಅವರಿಗೆ ಅದು ಸರಿ, ಪ್ಯಾಕೇಜ್ ಮಾಡುವವರು ಅದನ್ನು ತಿದ್ದಲೂಬಹುದು. ಸೊಸೈಟಿಯಲ್ಲಿ ಕ್ಯೂ ನಿಂತಿರುವಾಗ ಎಲ್ಲವೂ ಕ್ರಿಟಿಕಲ್. ಅದರ ಬದಲು "ಈಗ ಕೆಲಸ ನಿಂತಿದೆಯೇ, ಬೇರೆ ದಾರಿಯಲ್ಲಿ ನಡೀತಾ ಇದೆಯೇ?" ಅಂತ ಕೇಳಿ. ಜೊತೆಗೆ "ಪ್ರತಿ ಸಲ / ಒಮ್ಮೊಮ್ಮೆ / ಇದೇ ಮೊದಲು". ಈ ಎರಡರಿಂದ ತೀವ್ರತೆ ನೀವೇ ಲೆಕ್ಕ ಹಾಕಬಹುದು.

ಪತ್ರೊಡೆ

ಮೂರೇ ಪ್ರಶ್ನೆ ಅಂದವರು ಈಗ ಐದು ಮಾಡಿದ್ರು, ನೋಡಿ 😀

ಟಿಕೆಟ್_ತುಂಬಿದೆ

ನಾನು ಎದುರು ಮಾತಾಡ್ತೇನೆ, ಬೇಜಾರು ಮಾಡ್ಬೇಡಿ. ಫಾರ್ಮ್ ಸುಲಭ ಮಾಡಿದ ಕೂಡ್ಲೆ ಕಸ ಬಂದು ಬೀಳ್ತದೆ. ಒಂದೇ ಬಗ್ ನಲ್ವತ್ತು ಸಲ. ಬಗ್ ದಾಖಲಿಸುವ ತಂತ್ರಾಂಶ ಬಗ್‌ಜಿಲ್ಲಾ 1998ರಲ್ಲಿ ಹುಟ್ಟಿದ್ದು ಮೊಜಿಲ್ಲಾದ ಕೋಡ್ ಬರೆಯುವವರಿಗಾಗಿ. ಅದರಲ್ಲಿ ಅಷ್ಟು ಫೀಲ್ಡ್ ಇರ್ಲಿಕ್ಕೆ ಕಾರಣ ಉಂಟು. ಸರಿಪಡಿಸುವವರ ಸಮಯ ಯಾರ ಲೆಕ್ಕಕ್ಕೆ? ಒಬ್ಬನೇ ಸಂಜೆ ಕೂತು ನೋಡುವ ಪ್ರಾಜೆಕ್ಟಿಗೆ ನಲ್ವತ್ತು ಡೂಪ್ಲಿಕೇಟ್ ಬಂದ್ರೆ ಅವ ಪ್ರಾಜೆಕ್ಟೇ ಬಿಟ್ಟು ಹೋಗ್ತಾನೆ.

ಸುರತ್ಕಲ್_ಲಾಗ್

ಡೂಪ್ಲಿಕೇಟ್ ಯಾವಾಗಲೂ ಕಸ ಅಲ್ಲ ಮಾರಾಯ್ರೆ. ಉಬುಂಟುವಿನ ಬಗ್ ತಾಣವಾದ ಲಾಂಚ್‌ಪ್ಯಾಡಿನಲ್ಲಿ "ನನಗೂ ಇದೇ ತೊಂದರೆ" ಅನ್ನುವ ಬಟನ್ ಉಂಟಲ್ಲ, ಅದೇ ಬೇಕಾದ್ದು. ಬರೆಯುವ ಮೊದಲೇ "ಇದಾ ನಿಮ್ಮ ತೊಂದರೆ?" ಅಂತ ನಾಲ್ಕೈದು ತೋರಿಸಿ. ಒತ್ತಿದ್ರೆ ಲೆಕ್ಕ ಒಂದು ಏರ್ತದೆ, ಹೊಸ ಟಿಕೆಟ್ (ದೂರಿನ ದಾಖಲೆ) ಹುಟ್ಟುದಿಲ್ಲ.

ಟಿಕೆಟ್_ತುಂಬಿದೆ

ಹುಡುಕಾಟ ಕನ್ನಡದಲ್ಲಿ ಆಗ್ತದಾ? "ಪ್ರಿಂಟ್ ಆಗುದಿಲ್ಲ", "ಪ್ರಿಂಟಾಗಲ್ಲ", "ಚೀಟಿ ಬರ್ತಿಲ್ಲ", "ಪ್ರಿಂಟರ್ ಕೈ ಕೊಟ್ಟಿದೆ". ನಾಲ್ಕೂ ಒಂದೇ ಬಗ್. ಯಾವ ಪದ ಹೋಲಿಸ್ತೀರಿ?

ಸುರತ್ಕಲ್_ಲಾಗ್

ಪದ ಹೋಲಿಸುದೇ ಬೇಡ. ಪರದೆ, ಆವೃತ್ತಿ, ಒತ್ತಿದ ಬಟನ್ ಮೂರು ಸೇರಿಸಿ ಗುಂಪು ಮಾಡಿ. ಪ್ರಿಂಟ್ ಪರದೆ, 2.3, "ಚೀಟಿ ಬರಲೇ ಇಲ್ಲ". ಬಾಯಲ್ಲಿ ಹೇಗೆ ಹೇಳಿದ್ರೂ ಅದು ಒಂದೇ ಗುಂಪಿಗೆ ಬೀಳ್ತದೆ. ಕ್ರ್ಯಾಶ್ ಆದ್ರೆ ಸ್ಟ್ಯಾಕ್ ಟ್ರೇಸಿನ (ಕೋಡ್ ಎಲ್ಲಿ ಮುರಿಯಿತು ಅನ್ನುವ ಪಟ್ಟಿ) ಮೇಲಿನ ಎರಡು ಮೂರು ಸಾಲು ಸಾಕು.

ಟಿಕೆಟ್_ತುಂಬಿದೆ

ಹ್ಞಾಂ, ಅದು ಆಗ್ಬಹುದು.

ಶೂನ್ಯದ_ಬೆಲೆ (ಮಣಿಪಾಲ)

"ಲೆಕ್ಕ ತಪ್ಪು" ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ವರದಿಯಲ್ಲಿ ಏನು ಕಳೆದುಹೋಗುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಸೆಕ್ರೆಟರಿ ಕನ್ನಡ ಕೀಲಿಮಣೆಯಲ್ಲಿ ಲೀಟರ್ ೬ ಅಂತ ಹಾಕಿದರು, ಫ್ಯಾಟ್ ೩.೯ ಅಂತ ಹಾಕಿದರು. ಲೀಟರ್ ಸರಿಯಾಗಿ ಬಂತು. ದರ ಸೊನ್ನೆ. ಏಕೆ? ಜಾವಾದಲ್ಲಿ ಪೂರ್ಣಾಂಕ ಓದುವ ಪಾರ್ಸ್‌ಇಂಟ್ ಒಂದೊಂದು ಅಕ್ಷರವನ್ನೂ ಯೂನಿಕೋಡ್ ಅಂಕಿ ಹೌದೋ ಅಲ್ಲವೋ ಅಂತ ನೋಡುತ್ತದೆ. ೬ ಅಂದರೆ 6 ಅಂತ ಅದಕ್ಕೆ ಗೊತ್ತು. ದಶಮಾಂಶ ಓದುವ ಪಾರ್ಸ್‌ಡಬಲ್‌ಗೆ 0ರಿಂದ 9 ಬಿಟ್ಟು ಬೇರೆ ಅಂಕಿಯೇ ಗೊತ್ತಿಲ್ಲ, ದೋಷ ಎಸೆಯುತ್ತದೆ. ಕಾಟ್ಲಿನ್‌ನಲ್ಲಿ ಟುಡಬಲ್‌ಆರ್‌ನಲ್ ಬರೆದು, ಪಕ್ಕದಲ್ಲಿ "ಸಿಗದಿದ್ದರೆ 0.0" ಅಂತ ಹಾಕಿದ್ದರೆ ದೋಷವೂ ಕಾಣುವುದಿಲ್ಲ. ಫ್ಯಾಟ್ ಸೊನ್ನೆ, ದರ ಸೊನ್ನೆ, ಕ್ರ್ಯಾಶ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ.

ಈಗ ವರದಿಗೆ ಬನ್ನಿ. ಅದೇ ವ್ಯಕ್ತಿ ವಾಟ್ಸ್‌ಆ್ಯಪ್‌ನಲ್ಲಿ ಬರೆಯುವಾಗ ಇಂಗ್ಲಿಷ್ ಕೀಲಿಮಣೆಗೆ ಹೋಗಿ "ಫ್ಯಾಟ್ 3.9 ಹಾಕಿದ್ರೆ 0 ಬರ್ತದೆ" ಅಂತಾರೆ. ಡೆವಲಪರ್ 3.9 ಹಾಕಿ ನೋಡುತ್ತಾನೆ, ಸರಿಯಾಗಿಯೇ ಬರುತ್ತದೆ. "ಇಲ್ಲಿ ಸರಿ ಇದೆ" ಅಂತ ಮುಚ್ಚಿಬಿಡುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ. ಬಗ್ ಇದ್ದದ್ದು ಆ ಎರಡು ಅಂಕಿಗಳ ಆಕಾರದಲ್ಲಿ, ಅದು ದಾರಿಯಲ್ಲಿ ಬಿದ್ದುಹೋಯಿತು.

ಆದ್ದರಿಂದ: ಫೀಲ್ಡಿನಲ್ಲಿ ಏನಿತ್ತೋ ಅದನ್ನು ಆ್ಯಪ್ ತಾನೇ, ಅಕ್ಷರಕ್ಷರ ಹಾಗೆಯೇ, ವರದಿಗೆ ಸೇರಿಸಬೇಕು. ಕೀಲಿಮಣೆ ಯಾವುದು ಅಂತಲೂ.

ಬ್ರಹ್ಮಾವರ_ಬಿಲ್ಡ್

@ಶೂನ್ಯದ_ಬೆಲೆ, ಒಂದು ತಿದ್ದುಪಡಿ. ಫೀಲ್ಡಿಗೆ ದಶಮಾಂಶ ಸಂಖ್ಯೆಯ ಇನ್‌ಪುಟ್ ಟೈಪ್ ಕೊಟ್ಟಿದ್ರೆ ಸಂಖ್ಯೆಯ ಕೀಲಿಮಣೆಯೇ ತೆರೆಯುದು, ಕನ್ನಡ ಅಂಕಿ ಸಾಮಾನ್ಯವಾಗಿ ಒಳಗೆ ಬರುದೇ ಇಲ್ಲ. ಸಾದಾ ಟೆಕ್ಸ್ಟ್ ಫೀಲ್ಡ್ ಮಾಡಿದ್ರೆ ಮಾತ್ರ ಇದು.

ಶೂನ್ಯದ_ಬೆಲೆ (ಮಣಿಪಾಲ)

ಒಪ್ಪಿದೆ. ಆದರೆ ಹಳೇ ಲೆಕ್ಕವನ್ನು ಸಿಎಸ್‌ವಿ ಫೈಲಿನಿಂದ ಇಂಪೋರ್ಟ್ ಮಾಡಿದರೆ ಇನ್‌ಪುಟ್ ಟೈಪ್ ಕಾವಲಿಗೆ ಬರುವುದಿಲ್ಲ, ಅದೇ ಕಥೆ. ಓದುವ ಮೊದಲು ಪ್ರತಿ ಅಕ್ಷರದ ಅಂಕಿ ಬೆಲೆ ತೆಗೆದು 0–9ಕ್ಕೆ ಬದಲಿಸಿಕೊಳ್ಳುವುದೇ ಮದ್ದು. ಮತ್ತು ಆ "ಸಿಗದಿದ್ದರೆ 0.0" ಇದೆಯಲ್ಲ, ಅದು ಎಲ್ಲಿ ಕಂಡರೂ ಅಳಿಸಿ. ಓದಲಾಗದಿದ್ದರೆ ಆ ಪೆಟ್ಟಿಗೆಯನ್ನು ಕೆಂಪು ಮಾಡಿ ನಿಲ್ಲಿಸಲಿ.

ಕಡಲತಡಿ_ಕೋಡ್

ಈಗ ಕೋಡ್ ತೆರೆದು ನೋಡಿದೆ. ಎಂಟು ಕಡೆ ಉಂಟು. ಎಂತ ಹೇಳುದು.

ಹೆಬ್ಬಲಸು

"ಬಗ್ ವರದಿ" ಅಂತ ಬಟನ್ ಮೇಲೆ ಹಾಕಿದ್ದೀರಾ? ಅದು ಯಾರಿಗೆ ಅರ್ಥ ಆಗ್ತದೆ? ಕನ್ನಡ ಪದ ಹಾಕಿ.

ಪತ್ರೊಡೆ

ದೋಷ ವರದಿ?

ಹೆಬ್ಬಲಸು

ನಮ್ಮ ಊರಲ್ಲಿ ದೋಷ ಅಂದ್ರೆ ಜಾತಕದ್ದು. "ದೋಷ ಪರಿಹಾರ" ಅಂತ ಬಟನ್ ಕಂಡ್ರೆ ದೈವಕ್ಕೆ ತಂಬಿಲ ಕೊಡ್ಲಿಕ್ಕೆ ಹೇಳ್ತದೋ ಅಂತ ಗ್ರಹಿಸಿಯಾರು.

ಟಿಕೆಟ್_ತುಂಬಿದೆ

ಕೀಟ? ಹುಳ?

ಹೆಬ್ಬಲಸು

ಹಾಲಿನ ಆ್ಯಪಲ್ಲಿ "ಹುಳ ಸಿಕ್ಕಿದ್ರೆ ತಿಳಿಸಿ" ಅಂತ ಬರೀರಿ, ಮರುದಿನವೇ ಫುಡ್ ಇನ್‌ಸ್ಪೆಕ್ಟರ್ ಬರ್ತಾರೆ. "ತೊಂದರೆ ತಿಳಿಸಿ" ಸಾಕು ಮಾರಾಯ್ರೆ. ಎಲ್ಲರ ಬಾಯಲ್ಲಿರುವ ಮಾತು.

ಕುಂದಾಪ್ರ_ಭಾಷಿ

ಹ್ವಾಯ್, ಬರೂಕೇ ಎಂತಕೆ ಹೇಳ್ತ್ರಿ? ಮಾತಾಡುಕೆ ಬಿಡಿ ಕಾಣಿ. ಕೈಯೆಲ್ಲ ಹಾಲ್ ಆಯಿ ಇರತ್ತ್, ಆ ಹೊತ್ತಿಗೆ ಯಾರ್ ಟೈಪ್ ಮಾಡ್ತ್ರ್?

ಮಳೆಗಾಲ (ಉಡುಪಿ)

ಇದು ಒಳ್ಳೆಯ ಮಾತು. ಒತ್ತಿ ಹಿಡಿದು ಮಾತಾಡುವುದು ವಾಟ್ಸ್‌ಆ್ಯಪ್‌ನಿಂದ ಎಲ್ಲರಿಗೂ ಅಭ್ಯಾಸ. 30 ಸೆಕೆಂಡಿಗೆ ಮಿತಿ ಹಾಕಿ. ಧ್ವನಿ ಕುಗ್ಗಿಸುವ ಓಪಸ್‌ನಲ್ಲಿ 16 ಕಿಲೋಬಿಟ್‌ಗೆ ಇಟ್ಟರೆ 30 ಸೆಕೆಂಡ್ ಅಂದರೆ 60 ಕೆಬಿ ಸುಮಾರು, ಒಂದು ಸ್ಕ್ರೀನ್‌ಶಾಟಿಗಿಂತ ಕಡಿಮೆ. ಬರೆಯುವಾಗ "ಆಗ್ತಾ ಇಲ್ಲ" ಅನ್ನುವವರೇ ಬಾಯಿ ತೆರೆದರೆ ಪೂರ್ತಿ ಹೇಳುತ್ತಾರೆ: "ಮೊದಲು ಫ್ಯಾಟ್ ಹಾಕಿದೆ, ಆಮೇಲೆ ಹಿಂದೆ ಬಂದೆ, ಆಗ ಹೆಸರು ಬದಲಾಯಿತು". ಹಂತಗಳು ತಾವಾಗಿಯೇ ಬರುತ್ತವೆ.

ಟಿಕೆಟ್_ತುಂಬಿದೆ

ಕೇಳುವವ ಯಾರು? ಧ್ವನಿಯಲ್ಲಿ ಹುಡುಕ್ಲಿಕ್ಕೆ ಆಗುದಿಲ್ಲ. ಅರ್ಧ ತುಳು, ಅರ್ಧ ಕನ್ನಡ, ಮಧ್ಯೆ ಕೊಂಕಣಿ, ಹಿಂದೆ ಹಸುವಿನ ಕೂಗು.

ಸುರತ್ಕಲ್_ಲಾಗ್

ಮಾತನ್ನು ಬರಹ ಮಾಡುವ ವಿಸ್ಪರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಉಂಟು, ತುಳು ಇಲ್ಲ. ಕನ್ನಡವೂ ಅಷ್ಟಕ್ಕಷ್ಟೆ, ನಮ್ಮ ಊರಿನ ಕನ್ನಡಕ್ಕಂತೂ ಅದನ್ನು ನೆಚ್ಚಿಕೊಳ್ಬೇಡಿ. ಮನುಷ್ಯನೇ ಕೇಳಿ ಒಂದು ಸಾಲಿನ ತಲೆಬರಹ ಹಾಕ್ಬೇಕು. ಅದಕ್ಕೆ ಕೋಡ್ ಬರೆಯುವವ ಬೇಡ, ಆ್ಯಪ್ ಬಳಸಿ ಗೊತ್ತಿರುವ ಯಾರಾದ್ರೂ ಆಗ್ತದೆ. ಪರದೆ, ಆವೃತ್ತಿ, ಲಾಗ್ ಎಲ್ಲ ಪಕ್ಕದಲ್ಲೇ ಇರುವಾಗ ಧ್ವನಿ ಕೇಳಿ ಅರ್ಥ ಮಾಡ್ಕೊಳ್ಳುದು ಕಷ್ಟ ಇಲ್ಲ.

ಅಡ್ಯಾರ್_ಅಡ್ಮಿನ್

ಸ್ಕ್ರೀನ್‌ಶಾಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಪವರ್ ಮತ್ತು ವಾಲ್ಯೂಮ್ ಕೆಳಗಿನ ಬಟನ್ ಒಟ್ಟಿಗೆ ಒತ್ತಿ ಅಂತ ಹೇಳಿಕೊಡುದು ಸುಲಭ ಅಂತ ಕಾಣ್ತದೆ, ಆದ್ರೆ ಒಂದು ಮೊದಲು ಒತ್ತಿದ್ರೆ ಫೋನ್ ಲಾಕ್ ಆಗ್ತದೆ, ಇನ್ನೊಂದು ಮೊದಲು ಒತ್ತಿದ್ರೆ ಸದ್ದು ಕಡಿಮೆ ಆಗ್ತದೆ. ಆ್ಯಪೇ ತೆಗೆಯಲಿ. ಪಿಕ್ಸೆಲ್‌ಕಾಪಿ ಅಂತ ಉಂಟು, ಆಂಡ್ರಾಯ್ಡ್ 8ರಿಂದ ಅದರಲ್ಲಿ ತನ್ನ ಪರದೆಯನ್ನು ಆ್ಯಪ್ ತಾನೇ ಚಿತ್ರ ಮಾಡ್ಕೊಳ್ಬಹುದು. "ತೊಂದರೆ ತಿಳಿಸಿ" ಒತ್ತಿದ *ಕ್ಷಣಕ್ಕೆ* ತೆಗೀಬೇಕು, ಫಾರ್ಮ್ ತೆರೆದ ಮೇಲೆ ಅಲ್ಲ. ತುಂಬಾ ಆ್ಯಪ್‌ಗಳಲ್ಲಿ ಫಾರ್ಮಿನದ್ದೇ ಚಿತ್ರ ಬಂದು ಕೂತಿರ್ತದೆ.

ಅದಕ್ಕಿಂತ ದೊಡ್ಡ ವಿಷಯ: ಆ ಪರದೆಯಲ್ಲಿ ಹಾಲು ಹಾಕುವವರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರ್ತದೆ. ಅದು ಗಿಟ್‌ಹಬ್‌ನ ಸಾರ್ವಜನಿಕ ಪುಟಕ್ಕೆ ಹೋದ್ರೆ ಮುಗೀತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉಂಟು, ಸಣ್ಣ ಆ್ಯಪ್ ಅಂತ ಮರೀಬೇಡಿ. ಖಾತೆ ಸಂಖ್ಯೆ, ಫೋನ್ ಫೀಲ್ಡುಗಳನ್ನು ಚಿತ್ರ ತೆಗೆಯುವ ಮೊದಲೇ ಕಪ್ಪು ಪಟ್ಟಿ ಹಾಕಿ ಮುಚ್ಚಿ. ಉಳಿದದ್ದನ್ನು ಬೆರಳಲ್ಲಿ ಗೀಚಿ ಮುಚ್ಚುವ ಹಾಗೆ ಬಿಡಿ. ಲಾಗಲ್ಲಿ ಆ ಸಂಖ್ಯೆಗಳು ಬಾರದ ಹಾಗೆ ನೋಡಿ. ಕಳಿಸುವ ಮೊದಲು "ಇಷ್ಟು ಹೋಗ್ತದೆ" ಅಂತ ಪೂರ್ತಿ ತೋರಿಸಿ.

ಕೆಲವರು ಬಿಲ್ಡ್ ನಂಬರ್ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗೆ ಹೋಗಿ ಬಗ್ ರಿಪೋರ್ಟ್ ತೆಗೆದು ಕಳಿಸಿ ಅಂತ ಬಳಸುವವರಿಗೇ ಹೇಳ್ತಾರೆ. ದಯವಿಟ್ಟು ಬೇಡ. ಆ ಜಿಪ್ ಫೈಲಲ್ಲಿ ಇಡೀ ಫೋನಿನ ಸಂಗತಿ ಇರ್ತದೆ, ಬೇರೆ ಆ್ಯಪ್‌ಗಳ ಹೆಸರು, ಅಕೌಂಟು ಎಲ್ಲ.

ಪತ್ರೊಡೆ

ವಾಟ್ಸ್‌ಆ್ಯಪ್‌ನಲ್ಲೇ ಚಿತ್ರ ಕಳಿಸುವವರಿಗೆ ಒಂದು ಮಾತು: ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಕಳಿಸಿದ್ರೆ ಕುಗ್ಗಿಸಿ ಸಣ್ಣ ಅಕ್ಷರ ಎಲ್ಲ ಮಸುಕು ಮಾಡ್ತದೆ.

ಕಡಲತಡಿ_ಕೋಡ್

ಸರಿ, ಎಲ್ಲಿಗೆ ಕಳಿಸುದು? ಗಿಟ್‌ಹಬ್ ಫಾರ್ಮಿನ ಲಿಂಕನ್ನು ಆ್ಯಪಿಂದಲೇ ತುಂಬಿಸಿ ತೆರೆದ್ರೆ ಹೇಗೆ? ತಲೆಬರಹ, ವಿವರ ಎಲ್ಲ ಯುಆರ್‌ಎಲ್‌ನಲ್ಲೇ ಹಾಕಬಹುದಲ್ಲ.

ಬ್ರಹ್ಮಾವರ_ಬಿಲ್ಡ್

ಕನ್ನಡಕ್ಕೆ ಅದು ಬೇಗ ಮುರೀತದೆ. ಕನ್ನಡದ ಒಂದೊಂದು ಕೋಡ್ ಪಾಯಿಂಟ್ (ಕಂಪ್ಯೂಟರ್ ಇಡುವ ಬಿಡಿ ಚಿಹ್ನೆ) ಯುಟಿಎಫ್-8ರಲ್ಲಿ 3 ಬೈಟ್. ಯುಆರ್‌ಎಲ್‌ಗೆ ಹಾಕುವಾಗ ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಅಂದ್ರೆ ಒಂದಕ್ಕೆ 9. "ಕ್ಷೀ" ಅಂತ ಒಂದೇ ಅಕ್ಷರ ಕಣ್ಣಿಗೆ ಕಾಣುದು, ಒಳಗೆ ಕ, ವಿರಾಮ, ಷ, ಈ ಸ್ವರಚಿಹ್ನೆ, ನಾಲ್ಕು ಕೋಡ್ ಪಾಯಿಂಟು. 36 ಆಯ್ತು. ಒಂದು ಪ್ಯಾರಾ ಬರೆದು ಲಾಗ್ ಸೇರಿಸಿದ್ರೆ ಗಿಟ್‌ಹಬ್ "ಯುಆರ್‌ಎಲ್ ಉದ್ದ ಆಯ್ತು" ಅಂತ 414 ಕೊಡ್ತದೆ. ಅದಕ್ಕಿಂತಲೂ, ಅಕೌಂಟ್ ಬೇಕು ಅನ್ನುವ ಗೋಡೆ ಹಾಗೆಯೇ ಉಳೀತದೆ.

ವಾಟ್ಸ್‌ಆ್ಯಪ್ ಲಿಂಕಿಗೂ ಇದೇ ಎನ್‌ಕೋಡಿಂಗ್, ಮತ್ತು ಲಿಂಕಲ್ಲಿ ಚಿತ್ರ ಸೇರಿಸ್ಲಿಕ್ಕೆ ಆಗುದಿಲ್ಲ. ಈಮೇಲ್ ಲಿಂಕಿಗೂ ಹಾಗೆ. ಚಿತ್ರ ಬೇಕಾದ್ರೆ ಆಂಡ್ರಾಯ್ಡಿನ ಶೇರ್ ಮೂಲಕವೇ ಹೋಗ್ಬೇಕು.

ನನ್ನ ಮತ ಗಿಟ್‌ಹಬ್ ಹಾಗೆಯೇ ಇರುವ ಗಿಟ್‌ಲ್ಯಾಬ್‌ನ ಸರ್ವಿಸ್ ಡೆಸ್ಕಿಗೆ. ಒಂದು ಈಮೇಲ್ ವಿಳಾಸ ಕೊಡ್ತದೆ, ಅಲ್ಲಿಗೆ ಬಂದ ಪ್ರತಿ ಮೇಲ್ ಒಂದು ಇಶ್ಯೂ (ಟಿಕೆಟ್) ಆಗ್ತದೆ. ಕಳಿಸಿದವರಿಗೆ ಅಕೌಂಟ್ ಬೇಡ. ನೀವು ಎಂತ ಸೆಟ್ಟಿಂಗ್ ಬದಲಿಸದಿದ್ರೂ ಆ ಇಶ್ಯೂ ಗೋಪ್ಯವಾಗಿಯೇ ಹುಟ್ಟುದು, ಎಲ್ಲರಿಗೂ ಕಾಣುದಿಲ್ಲ. ನೀವು ಅಲ್ಲಿ ಉತ್ತರ ಬರೆದ್ರೆ ಅವರಿಗೆ ಮೇಲ್ ಹೋಗ್ತದೆ. ಬೇಕಿದ್ರೆ ಹೆಸರು ತೆಗೆದು ಸಾರ್ವಜನಿಕ ಇಶ್ಯೂ ಬೇರೆ ಮಾಡಿ.

ಅಡ್ಯಾರ್_ಅಡ್ಮಿನ್

ಇದಕ್ಕೆ ನನ್ನದೂ ಒಂದು ಓಟು. ಡೆಬಿಯನ್‌ಗೆ ಮೇಲ್ ಮಾಡಿದ್ರೆ ನಿಮ್ಮ ಈಮೇಲ್ ವಿಳಾಸ ಪುಟದಲ್ಲಿ ಎಲ್ಲರಿಗೂ ಕಾಣ್ತದೆ, ಗೊತ್ತಿಲ್ಲದವರು ಆಮೇಲೆ ಗಾಬರಿ ಆಗ್ತಾರೆ.

ಹೆಬ್ಬಲಸು

ಹಳ್ಳಿ ಸೊಸೈಟಿಯಲ್ಲಿ ನೆಟ್ ಇರುದಿಲ್ಲ. ಆಷಾಢದಲ್ಲಿ ಕರೆಂಟೂ ಇರುದಿಲ್ಲ. ಕಳಿಸಿ ಅಂದ ಕೂಡ್ಲೆ ಹೋಗ್ತದಾ?

ಸುರತ್ಕಲ್_ಲಾಗ್

ವರ್ಕ್‌ಮ್ಯಾನೇಜರಿಗೆ (ಕೆಲಸ ಸಾಲಲ್ಲಿಟ್ಟು ಮಾಡುವ ಆಂಡ್ರಾಯ್ಡ್ ಲೈಬ್ರರಿ) ಒಪ್ಪಿಸಿ, ನೆಟ್ ಇದ್ದಾಗ ಮಾತ್ರ ಅಂತ ಷರತ್ತು ಹಾಕಿ. ಫೋನ್ ಆಫ್ ಆಗಿ ಆನ್ ಆದ್ರೂ ಕೆಲಸ ಸಾಲಲ್ಲಿ ಉಳೀತದೆ. ಪರದೆಯಲ್ಲಿ "ಕಳಿಸಲಾಗಿದೆ" ಅಂತ ಸುಳ್ಳು ಹೇಳ್ಬೇಡಿ. "ಬರೆದಿಟ್ಟಿದೆ, ನೆಟ್ ಬಂದಾಗ ಹೋಗ್ತದೆ" ಅಂತ ಹೇಳಿ. ಇಲ್ಲದಿದ್ರೆ ಅದೇ ತೊಂದರೆ ಐದು ಸಲ ಒತ್ತಿ ಬರ್ತದೆ, @ಟಿಕೆಟ್_ತುಂಬಿದೆ ಅವರ ಬಿಪಿ ಏರ್ತದೆ.

ಗಂಟೆಯ ವಿಷಯ. ತೊಂದರೆ ಆದ ಗಂಟೆ ಬೇರೆ, ವರದಿ ಮುಟ್ಟಿದ ಗಂಟೆ ಬೇರೆ, ಎರಡೂ ಇಡಿ. ಸರ್ವರ್ ಲಾಗ್ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಸಮಯ) ಇರ್ತದೆ, ನಮ್ಮದು ಐದೂವರೆ ಗಂಟೆ ಮುಂದೆ. ಬೆಳಗ್ಗೆ 6:40ಕ್ಕೆ ಆಯ್ತು ಅಂದ್ರೆ ಲಾಗಲ್ಲಿ 1:10 ನೋಡ್ಬೇಕು. ಬೆಳಗ್ಗೆ 5:15 ಆದ್ರೆ ಹಿಂದಿನ ದಿನದ 23:45. ಹಾಲಿನ ಸೊಸೈಟಿಗೆ ಇದು ಬರೀ ಲಾಗಿನ ಪ್ರಶ್ನೆಯಲ್ಲ, ದಿನದ ಮೊತ್ತವನ್ನು ಯುಟಿಸಿ ತಾರೀಖಿನಲ್ಲಿ ಕೂಡಿಸ್ತಿದ್ರೆ ಬೇಗ ಬಂದವರ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗ್ತದೆ. "ಲೆಕ್ಕ ತಪ್ಪು" ಅಂತ ಬಂದ ವರದಿಗಳನ್ನು ಗಂಟೆ ನೋಡಿ ಬೇರೆ ಮಾಡಿ, ಐದೂವರೆಯ ಮೊದಲಿನದ್ದೇ ಒಂದು ರಾಶಿ ಆದ್ರೆ ಕಾರಣ ಗೊತ್ತಾಯ್ತಲ್ಲ.

ಕಡಲತಡಿ_ಕೋಡ್

ಇನ್ನೊಂದು ತುಂಬಾ ಬರುದು: "ಆ್ಯಪ್ ತನ್ನಷ್ಟಕ್ಕೇ ಮುಚ್ಚಿಹೋಗ್ತದೆ". ಕ್ರ್ಯಾಶ್ ಲಾಗ್ ಇರುದಿಲ್ಲ.

ಬ್ರಹ್ಮಾವರ_ಬಿಲ್ಡ್

ಕ್ರ್ಯಾಶ್ ಆಗಿರ್ಲಿಕ್ಕಿಲ್ಲ, ಫೋನೇ ಕೊಂದಿರ್ತದೆ. ಮೆಮೊರಿ ಕಡಿಮೆ ಇರುವ ಫೋನು, ಬ್ಯಾಟರಿ ಉಳಿಸುವ ಸೆಟ್ಟಿಂಗು. ಆಂಡ್ರಾಯ್ಡ್ 11ರಿಂದ ಅಪ್ಲಿಕೇಶನ್‌ಎಕ್ಸಿಟ್‌ಇನ್ಫೋ ಅಂತ ಉಂಟು. ಆ್ಯಪ್ ಮತ್ತೆ ತೆರೆದಾಗ ಹಿಂದಿನ ಸಲ ಯಾಕೆ ನಿಂತಿತು ಅಂತ ಕೇಳಿದ್ರೆ ಹೇಳ್ತದೆ: ಕ್ರ್ಯಾಶಾ, ಉತ್ತರ ಕೊಡದೆ ಸ್ತಬ್ಧ ಆದದ್ದಾ, ಮೆಮೊರಿ ಕೊರತೆಯಾ, ಬಳಸುವವರೇ ನಿಲ್ಲಿಸಿದ್ದಾ. ಆ ಒಂದು ಸಾಲು ವರದಿಗೆ ಸೇರಿಸಿ, ಅರ್ಧ ಜಗಳ ಮುಗೀತದೆ.

ಲಿಪಿಕಾರ_ಕಾಪು

ಆ್ಯಪ್‌ನಿಂದ ಸ್ವಲ್ಪ ಆಚೆ ಹೋಗುತ್ತೇನೆ. ಕನ್ನಡ ಅಕ್ಷರ ತಪ್ಪಾಗಿ ಕಾಣುವ ಬಗ್‌ಗಳನ್ನು ಹೇಳುವುದು ಇನ್ನೂ ಕಷ್ಟ. ಚಿತ್ರ ಮಾತ್ರ ಕಳಿಸಿದರೆ ಒಳಗೆ ಯಾವ ಅಕ್ಷರಗಳಿದ್ದವು ಗೊತ್ತಾಗುವುದಿಲ್ಲ, ಪಠ್ಯ ಮಾತ್ರ ಕಳಿಸಿದರೆ ನೋಡುವವರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಎರಡೂ ಬೇಕು, ಜೊತೆಗೆ ಫಾಂಟ್ ಹೆಸರು. ವಿಂಡೋಸ್‌ನಲ್ಲಿ ತುಂಗಾ ಬೇರೆ, ನಿರ್ಮಲಾ ಬೇರೆ. ಆಂಡ್ರಾಯ್ಡ್‌ನಲ್ಲಿ ಹೆಚ್ಚಾಗಿ ನೋಟೊ.

ಉದಾಹರಣೆಗೆ ರ‍್ಯಾಂಕ್. ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ, ಆಮೇಲೆ ವಿರಾಮ, ಆಮೇಲೆ ಯ. ಆ ಜೋಡಕ ಬಿದ್ದರೆ ಅರ್ಕಾವೊತ್ತು ಬಂದು ರ್ಯಾಂಕ್ ಆಗುತ್ತದೆ. ಕೆಲವು ಫಾರ್ಮ್‌ಗಳು "ಕಾಣದ ಅಕ್ಷರ" ಅಂತ ಇಂಥವನ್ನು ಗುಡಿಸಿ ಹಾಕಿಬಿಡುತ್ತವೆ. ಬಗ್ ಹೇಳಲು ಬಂದವನ ಸಾಕ್ಷಿಯನ್ನು ಠಾಣೆಯ ಬಾಗಿಲಲ್ಲೇ ತೊಳೆದ ಹಾಗೆ. ನಿಮ್ಮ ಫಾರ್ಮಿಗೆ ಈ ಎರಡು ಪದ ಹಾಕಿ, ಆಚೆ ಕಡೆ ಎರಡೂ ಬೇರೆ ಬೇರೆಯಾಗಿಯೇ ಮುಟ್ಟುತ್ತವೆಯೇ ನೋಡಿ. ನುಡಿ ತಂತ್ರಾಂಶದ ಹಳೇ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ, ಅದನ್ನೂ ಕಸ ಅಂತ ಎಸೆಯಬೇಡಿ, ಪರಿವರ್ತಿಸಿ ಓದಿ.

ಪತ್ರೊಡೆ

ತುಳು ಲಿಪಿ ಬಂತಲ್ಲ ಈಗ ಯೂನಿಕೋಡಿಗೆ?

ಲಿಪಿಕಾರ_ಕಾಪು

ಹೌದು, 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಸೇರಿತು. ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚೌಕ ಕಾಣುತ್ತದೆ. ಅದನ್ನು ಆ್ಯಪಿನ ಬಗ್ ಅಂತ ಹಾಕಬೇಡಿ ಮತ್ತೆ. ತುಳು ವಿಕಿಪೀಡಿಯ 2016ರಲ್ಲಿ ಬಂದದ್ದು ಕನ್ನಡ ಲಿಪಿಯಲ್ಲೇ. ಅಲ್ಲಿನ ತಾಂತ್ರಿಕ ತೊಂದರೆ ಹೇಳಬೇಕಾದರೂ ವಿಕಿಮೀಡಿಯದ ಬಗ್ ತಾಣವಾದ ಫ್ಯಾಬ್ರಿಕೇಟರ್‌ಗೆ ಹೋಗಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ವ್ಯವಹರಿಸಬೇಕು. ಇದೇ ಗೋಡೆ, ಬೇರೆ ಬಣ್ಣ.

ಹಾಗೆಯೇ, ಅನುವಾದದ ತಪ್ಪನ್ನು ಬಗ್ ಪಟ್ಟಿಗೆ ಹಾಕಿದರೆ ತಿಂಗಳುಗಟ್ಟಲೆ ಕೊಳೆಯುತ್ತದೆ. ಫೈರ್‌ಫಾಕ್ಸಿನದ್ದಾದರೆ ಪಾಂಟೂನ್, ಲಿಬ್ರೆಆಫೀಸಿನದ್ದಾದರೆ ವೆಬ್ಲೇಟ್, ಆ ಅನುವಾದ ತಾಣಗಳಲ್ಲೇ ಸಲಹೆ ಹಾಕಿ.

ಟಿಕೆಟ್_ತುಂಬಿದೆ

ನಾನು ಎದುರು ಮಾತಾಡಿದ್ದಕ್ಕೆ ಒಂದು ಒಳ್ಳೆ ಮಾತೂ ಸೇರಿಸ್ತೇನೆ. ಮುಚ್ಚುವಾಗ ಬಳಸುವ ಪದ. ಬಗ್‌ಜಿಲ್ಲಾದಲ್ಲಿ ಹಿಂದಿನಿಂದ ಬಂದ ಪದಗಳು "ಇನ್‌ವ್ಯಾಲಿಡ್", "ವೋಂಟ್‌ಫಿಕ್ಸ್", "ವರ್ಕ್ಸ್‌ಫಾರ್‌ಮಿ". ಕಷ್ಟಪಟ್ಟು ಬರೆದವರಿಗೆ "ಅಸಿಂಧು" ಅಂತ ಮೊಹರು ಹಾಕಿದ ಹಾಗೆ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರು ಅದನ್ನು ಬದಲಿಸಿ "ಬಗ್ ಅಲ್ಲ", "ಉದ್ದೇಶಪೂರ್ವಕ" ಅಂತ ಮಾಡಿದ್ದಾರೆ. ನೀವು ಕನ್ನಡದಲ್ಲಿ ನಾಲ್ಕೇ ಇಡಿ: ನೋಡ್ತಾ ಇದ್ದೇವೆ, ಇನ್ನೊಂದು ವಿವರ ಬೇಕು, ಸರಿ ಆಯ್ತು, ಇದು ಹೀಗೆಯೇ ಇರಬೇಕಾದ್ದು. ನಾಲ್ಕನೆಯದಕ್ಕೆ ಕಾರಣ ಒಂದು ಸಾಲು ಕಡ್ಡಾಯ.

"ಸರಿ ಆಯ್ತು" ಅಂದ್ರೂ ಸಾಲದು, ಯಾವ ಆವೃತ್ತಿಯಲ್ಲಿ ಅಂತ ಹೇಳ್ಬೇಕು. ಅಪ್‌ಡೇಟ್ ಮಾಡದೆ "ಇನ್ನೂ ಹಾಗೆಯೇ ಉಂಟು" ಅಂತ ಮತ್ತೆ ಬರ್ತದೆ.

ಮಳೆಗಾಲ (ಉಡುಪಿ)

ಟಿಕೆಟ್ ಸಂಖ್ಯೆ ಫೋನಿನಲ್ಲಿ ಬಾಯಲ್ಲಿ ಹೇಳುವ ಹಾಗಿರಲಿ. ಐದು ಅಂಕಿ, ಇಂಗ್ಲಿಷ್ ಅಕ್ಷರ ಬೇಡ. ಓ ಮತ್ತು ಸೊನ್ನೆ, ಐ ಮತ್ತು ಒಂದು ಸೇರಿಕೊಂಡರೆ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ.

ಕಡಲತಡಿ_ಕೋಡ್

ಉಪಕಾರ ಆಯ್ತು ಎಲ್ರಿಗೂ. ಹೀಗೆ ಮಾಡುವ ಅಂತ ಉಂಟು: ಪ್ರತಿ ಪರದೆಯ ಮೇಲೆ ಬಲಬದಿಗೆ "ತೊಂದರೆ ತಿಳಿಸಿ". ಒತ್ತಿದ ಕ್ಷಣ ಚಿತ್ರ, ಫೀಲ್ಡಿನ ಪಠ್ಯ, ಪರದೆ ಹೆಸರು, ಆವೃತ್ತಿ, ಎಕ್ಸಿಟ್ ಕಾರಣ, 200 ಸಾಲು ಲಾಗ್. ಖಾತೆ, ಫೋನ್ ಮುಚ್ಚಿ. ಆಮೇಲೆ ಪರದೆಗೆ ತಕ್ಕ ಮೂರು ಬಟನ್, "ಕೆಲಸ ನಿಂತಿದೆಯಾ" ಒಂದು, ಮೈಕ್ ಒಂದು. ಬರೆಯುವ ಪೆಟ್ಟಿಗೆ ಕೆಳಗೆ, ತುಂಬಲೇಬೇಕು ಅಂತ ಇಲ್ಲ. ಹೋಗುದು ಸರ್ವಿಸ್ ಡೆಸ್ಕಿಗೆ. ಗಿಟ್‌ಹಬ್ ಫಾರ್ಮ್ ಕೋಡ್ ಬರೆಯುವವರಿಗೆ ಅಂತ ಹಾಗೆಯೇ ಇರಲಿ.

ಕುಂದಾಪ್ರ_ಭಾಷಿ

ಬಲಬದಿ ಮೇಲೆ ಬ್ಯಾಡ. ಎಡಗೈಯಂಗೆ ಕ್ಯಾನ್ ಇರತ್ತ್, ಬಲಗೈ ಹೆಬ್ಬೆರಳ್ ಮೇಲ್ ತನ್ಕ ಎಟ್ಕುದಿಲ್ಲೆ. ಕೆಳಗ್ ಇಡಿ.

ಹೆಬ್ಬಲಸು

ಕೆಳಗೆ ಇಟ್ಟರೆ "ಸೇವ್" ಬಟನ್ ಪಕ್ಕ ಬರ್ತದೆ, ಸೇವ್ ಅಂತ ಹೋಗಿ ತೊಂದರೆ ಒತ್ತುವವರೇ ಜಾಸ್ತಿ ಆಗ್ತಾರೆ.

ಕಡಲತಡಿ_ಕೋಡ್

ಸೇವ್ ಬಲಕ್ಕೆ, ತೊಂದರೆ ಎಡ ಮೂಲೆಗೆ, ಮಧ್ಯೆ ಒಂದು ಬೆರಳಿನಷ್ಟು ಜಾಗ. ನಾಳೆ ಬೆಳಗ್ಗಿನ ಹಾಲಿನ ಹೊತ್ತಿಗೆ ಎರಡು ಸೊಸೈಟಿಯಲ್ಲಿ ಹಾಕಿ ನೋಡುದು.

ಪತ್ರೊಡೆ

ಐದೂವರೆಯ ಮೊದಲಾ, ಆಮೇಲಾ?